ಲಾಂಡ್ರಿಯ ಗುಲಾಬಿ ಚೀಟಿ

ಲಾಂಡ್ರಿಯಿಂದ
ಜೂನ್ ೯, ಸೋಮವಾರ

ಕೂಸೇ,

ನಿನ್ನ ಎರಡು ಕಾಗದವೂ ಬಂದವು. ಉತ್ತರ ತಡವಾಯಿತು, ಬೈದುಕೋ. ಹೋಟೆಲಿನವರ ಮೇಜುಬಟ್ಟೆಗಳ ರಾಶಿ ಬಂದು ಬಿದ್ದಿತ್ತು, ಒಗೆಯುವ ಮಷೀನು ಅದೇ ಹೊತ್ತಿಗೆ ಕೈಕೊಟ್ಟಿತು, ರಿಪೇರಿಯವನು ಇವತ್ತು ಬರ್ತೀನಿ ನಾಳೆ ಬರ್ತೀನಿ ಎಂದು ವಾರ ಕಳೆದ. ಅದೂ ಅಲ್ಲದೆ ನನಗೆ ಕಾಗದ ಬರೆಯುವುದೆಂದರೆ ಜೀವಕ್ಕೆ ಬಂದ ಹಾಗೆ. ಐದನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವಳು ನಾನು, ಗೊತ್ತಲ್ಲ.

ಇಲಿಮರಿ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಟ್ಟೆ. ಮುಂದಿನದನ್ನು ಓದುವಾಗ ನಿನ್ನ ಎದೆ ಹೊಡೆದುಕೊಳ್ಳುತ್ತದೆ, ಆಗ ಈ ಸಾಲಿಗೆ ವಾಪಸು ಬಂದು ಇನ್ನೊಂದು ಸಲ ಓದು. ನಿನ್ನ ಮಗಳು ಈಗ ನನ್ನ ಕಣ್ಣೆದುರಿಗೇ ಒಳಗಿನ ಬೆಂಚಿನ ಮೇಲೆ ಕಾಲಾಡಿಸಿಕೊಂಡು ಕೂತಿದ್ದಾಳೆ. ಮುಖ ಊದಿಸಿಕೊಂಡಿದ್ದಾಳೆ, ಅದು ಬೇರೆ. ಫೋನಿನಲ್ಲಿ ಇದನ್ನೆಲ್ಲ ಹೇಳೋಣವೆಂದರೆ ನೀನು ಮಾಡುವ ಹೊತ್ತಿಗೆ ಸರಿಯಾಗಿ ನನ್ನ ಭುಜಕ್ಕೇ ಅಂಟಿಕೊಂಡು ಕಿವಿ ನೆಟ್ಟಿರುತ್ತಾಳೆ. ಅದಕ್ಕೇ ಕಾಗದ.

ಇವತ್ತು ಮಧ್ಯಾಹ್ನ ಅಂಗಡಿಗೆ ಒಬ್ಬ ಬಂದ. ತಲೆ ಮೇಲೆ ಹೆಲ್ಮೆಟ್ಟು, ಕೈಯಲ್ಲಿ ಬಟ್ಟೆಯಿಲ್ಲ. ಬಟ್ಟೆಯಿಲ್ಲದೆ ಲಾಂಡ್ರಿಗೆ ಬರುವವರು ಒಂದೋ ಚಂದಾ ಕೇಳಬೇಕು, ಇಲ್ಲಾ ತಕರಾರು ತೆಗೆಯಬೇಕು. ಇವನು ಎರಡೂ ಮಾಡದೆ ಒಳಗೆ ಇಣುಕಿ, “ಇಲ್ಲಿ ಎಂಟೊಂಬತ್ತು ವರ್ಷದ ಹುಡುಗಿ ಒಬ್ಬಳು ಇದ್ದಾಳಾ?” ಎಂದ.

ನನ್ನ ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇತ್ತು. “ನಿಮಗ್ಯಾಕೆ?” ಎಂದೆ.

“ಅಮ್ಮಾ, ಅದನ್ನ ಕೆಳಗಿಡಿ, ಹೇಳ್ತೀನಿ.”

“ಮೊದಲು ಹೇಳಿ. ಇಡೋದೋ ಬೇಡವೋ ಆಮೇಲೆ ನೋಡ್ತೀನಿ.”

ಅವನು ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ನಮ್ಮದೇ ಚೀಟಿ ಕೂಸೇ, ಬಟ್ಟೆಯ ಗಂಟಿಗೆ ಪಿನ್ನು ಚುಚ್ಚಿ ಹಾಕುವ ಗುಲಾಬಿ ಬಣ್ಣದ್ದು. ಮೇಲೆ ಅಂಗಡಿಯ ವಿಳಾಸ, ಫೋನ್ ನಂಬರು ಅಚ್ಚಾಗಿರುತ್ತದಲ್ಲ, ಅದರ ಕೆಳಗೆ ಇಲಿಮರಿ ತನ್ನ ಪೂರ್ತಿ ಹೆಸರು ಬರೆದಿದ್ದಾಳೆ. ಅದರ ಕೆಳಗೆ, “ನಾಲ್ಕು ಗಂಟೆ ಮೇಲೆ ಅಜ್ಜಿ ಗಂಟು ಕೊಡೋಕೆ ಹೋಗ್ತಾರೆ. ಆಗ ನಾನೊಬ್ಬಳೇ ಇರ್ತೀನಿ. ಬನ್ನಿ.”

ಓದಿ ಮುಗಿಸಿದೆ. ಮೂಗಿಗೆ ಸುಟ್ಟ ವಾಸನೆ ಬಂದ ಮೇಲೆಯೇ ಗೊತ್ತಾದದ್ದು, ಯಾರದೋ ಶರ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ಊರಿದ್ದೇನೆ ಅಂತ.

ಬಂದವನು ಕೆಟ್ಟವನಲ್ಲ. ಬೇರೆ ಯಾವುದೋ ಸ್ಕೂಲಿನಲ್ಲಿ ಚಿತ್ರ ಕಲಿಸುವ ಮೇಷ್ಟ್ರಂತೆ. ಅವನು ಬಿಡಿಸಿ ಹೇಳಿದ್ದು ಇಷ್ಟು. ಊರೊಳಗೆ ಅಲ್ಲಲ್ಲಿ ಸಣ್ಣ ಸಣ್ಣ ಡಬ್ಬಿಗಳನ್ನು ಯಾರಿಗೂ ಕಾಣದ ಹಾಗೆ ಬಚ್ಚಿಡುತ್ತಾರೆ. ಅದು ಎಲ್ಲಿದೆ ಎಂದು ಫೋನಿನ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಬೇರೆಯವರು ಹುಡುಕಿಕೊಂಡು ಹೋಗಿ, ಡಬ್ಬಿ ತೆಗೆದು, ಒಳಗಿರುವ ಪುಟ್ಟ ಪುಸ್ತಕದಲ್ಲಿ ತಮ್ಮ ಗುರುತು ಹಾಕಿ, ಇದ್ದ ಹಾಗೇ ಮತ್ತೆ ಬಚ್ಚಿಟ್ಟು ಬರಬೇಕು. ಅಷ್ಟೇ ಆಟ. ಜಿಯೋಕ್ಯಾಶಿಂಗ್ ಅಂತೆ. ಕ್ಯಾಶ್ ಅಂತಾರೆ, ಒಳಗೆ ನೋಡಿದರೆ ಮುರಿದ ಗುಂಡಿ, ಗೋಲಿ, ಪ್ಲಾಸ್ಟಿಕ್ ಕುದುರೆ. ಬೆಳೆದ ಗಂಡಸರು ಆಡುವ ಆಟ ನೋಡು.

“ಈ ಆಟದಲ್ಲಿ ಯಾರೂ ಸ್ವಂತ ಹೆಸರು ಹಾಕೋಲ್ಲಮ್ಮ. ಎಲ್ಲರಿಗೂ ಒಂದೊಂದು ಅಡ್ಡಹೆಸರು ಇರುತ್ತೆ. ನೀರಿನ ಟ್ಯಾಂಕಿನ ಹತ್ತಿರದ ಡಬ್ಬೀಲಿ ಇದು ಸಿಕ್ತು. ನನ್ನ ಕೈಗೆ ಸಿಕ್ಕಿದ್ದು ಪುಣ್ಯ” ಎಂದ ಮೇಷ್ಟ್ರು.

“ಈ ಡಬ್ಬಿಗಳನ್ನ ಯಾರ್ಯಾರು ತೆಗೀತಾರೆ?”

“ಯಾರು ಬೇಕಾದ್ರೂ ತೆಗೀಬಹುದು. ಬೇರೆ ಊರಿಂದಾನೂ ಬರ್ತಾರೆ.”

ಬೇರೆ ಊರಿಂದಾನೂ ಬರ್ತಾರೆ. ಆ ಮಾತು ಕೇಳಿದ್ದೇ ನನಗೆ ಥಟ್ಟನೆ ಹೊಳೆಯಿತು. ನಿನ್ನ ಗಂಡ ಭಾನುವಾರ ಭಾನುವಾರ ಹೆಗಲಿಗೆ ಚೀಲ ಹಾಕಿ, ಮಗುವನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದ ಎಂದೆಯಲ್ಲ, ಎಲ್ಲೆಲ್ಲೋ ಪೊದೆ ಕಲಕಿ ಕೆಸರು ಮಾಡಿಕೊಂಡು ಬರುತ್ತಿದ್ದರು ಎಂದೆಯಲ್ಲ, ಅದು ಇದೇ ಆಟ. ನೀನು ಮನೆ ಬಿಟ್ಟ ದಿನ ಅವನು ಬಾಗಿಲಲ್ಲಿ ನಿಂತು ಹೇಳಿದ್ದೂ ಇದೇ ಕೊಬ್ಬಿನಲ್ಲಿ: “ಅವಳನ್ನ ಎಲ್ಲಿ ಬಚ್ಚಿಟ್ಟರೂ ಹುಡುಕ್ತೀನಿ. ನಂಗೆ ಹುಡುಕೋದು ಹೊಸದಲ್ಲ.” ಅದಕ್ಕೂ ಮೊದಲು ಸ್ಕೂಲಿನ ಗೇಟಿನಿಂದ ಅವಳನ್ನು ಕರೆದುಕೊಂಡು ಹೋಗಿ, ಫೋನೂ ಎತ್ತದೆ, ನಿನ್ನನ್ನು ಊರೆಲ್ಲ ಅಲೆಸಿದವನು. ಅವನಿಗೆ ನನ್ನ ಮುಖ ಗೊತ್ತಿಲ್ಲ, ಅಂಗಡಿ ಗೊತ್ತಿಲ್ಲ ಎಂಬ ಒಂದೇ ಧೈರ್ಯಕ್ಕೆ ನೀನು ಮಗುವನ್ನು ಇಲ್ಲಿ ಬಿಟ್ಟು ನರ್ಸಿಂಗ್ ಕಲಿಯಲು ಹೋದದ್ದು. ಈಗ ನೋಡಿದರೆ ಇವಳೇ ವಿಳಾಸ ಬರೆದು ಊರೆಲ್ಲ ಹಂಚಿದ್ದಾಳೆ. ಅದೂ ನನ್ನ ಚೀಟಿಯಲ್ಲೇ!

ಸ್ಕೂಲಿನಿಂದ ಬಂದ ಕೂಡಲೇ ಹಿಡಿದು ಕೂರಿಸಿದೆ. ಹೊಡೆಯಲಿಲ್ಲ, ಹೆದರಬೇಡ. ಗಂಟಲು ಮಾತ್ರ ಬೀದಿಯ ಕೊನೆಗೂ ಕೇಳಿಸಿರಬೇಕು.

“ಯಾಕೆ ಬರೆದೆ ಇದನ್ನ?”

“ಚೀಟಿ ಇಲ್ಲದ ಗಂಟು ಕಳೆದುಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ ಅಜ್ಜಿ.”

ಹೌದು, ನಾನೇ ಹೇಳಿದ್ದು. ಚೀಟಿ ಬರೆಯಲು ಕೂರಿಸಿದವಳೂ ನಾನೇ. ಹೆಸರು, ಮನೆ, ಫೋನು ಸ್ಪಷ್ಟವಾಗಿರಬೇಕು, ಇಲ್ಲದಿದ್ದರೆ ಇವರ ಲಂಗ ಅವರ ಮನೆಗೆ ಹೋಗುತ್ತದೆ ಎಂದು ದಿನಾ ಪಾಠ ಮಾಡಿದವಳು. ಡಬ್ಬಿ ಎಲ್ಲಿದೆ ಎಂದು ಹೇಗೆ ಗೊತ್ತಾಯಿತು ಎಂದರೆ, ನನ್ನ ಫೋನಿನಲ್ಲೇ ನೋಡಿದಳಂತೆ, ನಾನು ಮಷೀನಿನ ಮುಂದೆ ಇರುವಾಗ. ಗಂಟು ಕೊಡಲು ಹೋಗುವಾಗ “ಅಜ್ಜಿ, ಲೇಸು ಬಿಚ್ಚಿಹೋಯ್ತು, ನೀವು ನಡೀರಿ, ಬಂದೆ” ಎಂದು ಹಿಂದೆ ಉಳಿಯುತ್ತಿದ್ದದ್ದು ಇದಕ್ಕೆ. ಈಚೆಗೆ ನನ್ನ ಜೊತೆ ಬರುವುದನ್ನೇ ಬಿಟ್ಟಿದ್ದಳು. “ನಾನು ಇಲ್ಲೇ ಕೂತು ಓದ್ಕೋತೀನಿ” ಎನ್ನುತ್ತಿದ್ದಳು. ನಾನೊಬ್ಬಳು ದಡ್ಡಿ, ಮಗುವಿಗೆ ವಿದ್ಯೆ ಹತ್ತುತ್ತಿದೆ ಎಂದು ಹಿಗ್ಗುತ್ತಿದ್ದೆ.

ಇನ್ನೂ ಮೂರು ಡಬ್ಬಿಗಳಲ್ಲಿ ಇಂಥದೇ ಚೀಟಿ ಇಟ್ಟಿದ್ದಾಳಂತೆ. ನಾಳೆ ಸ್ಕೂಲಿಗೂ ಇಲ್ಲ, ಅಂಗಡಿಯೂ ಇಲ್ಲ. ಇವಳ ಕೈ ಹಿಡಿದು ಎಲ್ಲವನ್ನೂ ಕಿತ್ತು ತರುತ್ತೇನೆ. ಅವನ ಕೈಗೆ ಸಿಗುವ ಮೊದಲು ನನಗೆ ಸಿಗಬೇಕು, ಅಷ್ಟೇ.

ನೀನು ಬಸ್ಸು ಹತ್ತಿ ಓಡಿ ಬರಬೇಡ. ಪರೀಕ್ಷೆ ಮುಗಿಸು. ನೀನು ಇಲ್ಲಿಗೆ ಬಂದು ಮಾಡುವುದೇನೂ ಇಲ್ಲ, ಅಳುವುದು ಬಿಟ್ಟರೆ. ಅದನ್ನು ಅಲ್ಲೇ ಮಾಡು.

ನಿನ್ನ ದೊಡ್ಡಮ್ಮ

*

ಜೂನ್ ೧೧, ಬುಧವಾರ

ಕೂಸೇ,

ಸೋಮವಾರದ ಕಾಗದ ಸಿಕ್ಕಿ ನಿನಗೆ ಊಟ ಇಳಿದಿರುವುದಿಲ್ಲ. ನಿನ್ನೆಯೇ ಬರೆಯಬೇಕಿತ್ತು, ಆಗಲಿಲ್ಲ. ಮೊದಲ ಮಾತು ಮೊದಲು: ಮೂರು ಚೀಟಿಯೂ ಸಿಕ್ಕಿದವು. ಮಗು ಮನೆಯಲ್ಲಿದೆ.

ನಿನ್ನೆ ಬೆಳಿಗ್ಗೆ ಹೊರಟೆವು. ಇಲಿಮರಿ ನನ್ನ ಕೈ ಹಿಡಿಯಲಿಲ್ಲ, ಎರಡು ಮಾರು ಮುಂದೆ ನಡೆದಳು, ಪೊಲೀಸರಿಗೆ ಜಾಗ ತೋರಿಸುವ ಕಳ್ಳನ ಹಾಗೆ. ಮೊದಲನೆಯದು ರೈಲುಹಳಿಯ ಮೇಲಿನ ಕಾಲ್ಸೇತುವೆಯಲ್ಲಿ. ಕಂಬಿಯ ಅಡಿಗೆ ಕೈ ಹಾಕಿ ಬೆಂಕಿಪೆಟ್ಟಿಗೆಯಷ್ಟು ಡಬ್ಬಿ ಎಳೆದಳು, ಹಿಂದೆ ಅಯಸ್ಕಾಂತ ಅಂಟಿಸಿದ್ದಾರೆ. ನಾನು ಆ ಸೇತುವೆಯ ಮೇಲೆ ಗಂಟು ಹೊತ್ತು ಎಷ್ಟು ವರ್ಷ ಓಡಾಡಿದ್ದೇನೆ, ಒಂದು ದಿನ ಕಣ್ಣಿಗೆ ಬಿದ್ದಿಲ್ಲ. ಚೀಟಿ ಕಿತ್ತು ನೋಡದೆಯೇ ಕೈಚೀಲಕ್ಕೆ ತುರುಕಿದೆ. ಕನ್ನಡಕವೂ ಇರಲಿಲ್ಲ, ನಿಂತು ಓದುವ ಹೊತ್ತೂ ಅದಲ್ಲ. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ತಿರುಗಿ ನೋಡಿ ಕತ್ತು ನೋವು ಬಂದಿತ್ತು. ಬೈಕಿನ ಸದ್ದು ಕೇಳಿದರೆ ಸಾಕು, ಮಗುವನ್ನು ಗೋಡೆಯ ಕಡೆಗೆ ದಬ್ಬುತ್ತಿದ್ದೆ.

“ಅಜ್ಜಿ, ಅದು ಹಾಲಿನವರ ಬೈಕು.”

“ಯಾರದಾದರೂ ಆಗ್ಲಿ, ಒಳಗೆ ಸರಿ.”

ಎರಡನೆಯದು ಪಾರ್ಕಿನಲ್ಲಿ, “ಹೂ ಕೀಳಬಾರದು” ಎಂದು ಬರೆದ ಬೋರ್ಡಿನ ಬೆನ್ನಿಗೆ. ಅದೂ ಸಿಕ್ಕಿತು. ಮೂರನೆಯದು ಬಸ್ ಡಿಪೋದ ಕಾಂಪೌಂಡಿನಲ್ಲಿ, ಸಡಿಲವಾದ ಒಂದು ಇಟ್ಟಿಗೆಯ ಹಿಂದೆ. ಅಲ್ಲಿಗೆ ಹೋಗುವಾಗಲೇ ನನ್ನ ಜೀವ ಹೋದದ್ದು.

ತಿರುವು ದಾಟಿದೆವು. ಗೋಡೆಗೆ ಮುಖ ಮಾಡಿ ಒಬ್ಬ ಗಂಡಸು ನಿಂತಿದ್ದ. ತಲೆಯಲ್ಲಿ ನೀಲಿ ಹೆಲ್ಮೆಟ್ಟು. ಪಕ್ಕದಲ್ಲಿ ಬೈಕು. ಎತ್ತರ, ಭುಜ, ನೀನು ಕಳಿಸಿದ ಫೋಟೋದಲ್ಲಿದ್ದ ಹಾಗೇ. ಕೈ ಗೋಡೆಯ ಮೇಲೆ ಏನನ್ನೋ ತಡವುತ್ತಿತ್ತು. ಇಲಿಮರಿಯನ್ನು ಚಹಾದ ಗೂಡಂಗಡಿಯ ಹಿಂದಕ್ಕೆ ತಳ್ಳಿದೆ, “ಉಸಿರೆತ್ತಿದರೆ ನೋಡು” ಎಂದೆ. ಕೈಯಲ್ಲಿ ಇದ್ದದ್ದು ಛತ್ರಿ ಒಂದೇ. ಅದನ್ನೇ ಗಟ್ಟಿಯಾಗಿ ಹಿಡಿದು ಹೊರಟೆ. ಅವನನ್ನು ಕೇಳಬೇಕಾದ್ದನ್ನೆಲ್ಲ ಬಾಯಲ್ಲಿ ಜೋಡಿಸಿಕೊಂಡಿದ್ದೆ. ಕೆಲವು ನಿನಗೆ ಬರೆಯುವಂಥವಲ್ಲ.

ನಾನು ಅರ್ಧ ದಾರಿಯಲ್ಲಿದ್ದೆ, ನನ್ನ ಪಕ್ಕದಿಂದ ಏನೋ ರೊಯ್ಯನೆ ಹೋಯಿತು. ಇಲಿಮರಿ! “ಅಪ್ಪಾ! ಅಪ್ಪಾ! ಇಲ್ಲಿ!” ಎಂದು ಕೂಗುತ್ತ, ಎರಡೂ ಕೈ ಮೇಲೆತ್ತಿಕೊಂಡು.

ಅವನು ತಿರುಗಿದ. ಕೈಯಲ್ಲಿ ಅಂಟಿನ ಬ್ರಷ್ಷು, ಕಾಲ ಬಳಿ ಬಕೆಟ್ಟು. ಪೋಸ್ಟರು ಅಂಟಿಸುವವನು, ಇನ್ನೂ ಮೀಸೆ ಸರಿಯಾಗಿ ಮೂಡದ ಹೈದ. ಒಂದು ಕಡೆ ಓಡಿಬಂದ ಮಗು, ಇನ್ನೊಂದು ಕಡೆ ಛತ್ರಿ ಎತ್ತಿದ ಮುದುಕಿ. ಬ್ರಷ್ಷು ಕೈಯಿಂದ ಬಿತ್ತು.

“ಅಯ್ಯೋ, ನಾನು ಯಾರಪ್ಪನೂ ಅಲ್ಲಮ್ಮ! ನಂಗಿನ್ನೂ ಮದುವೇನೇ ಆಗಿಲ್ಲ!”

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಇಲಿಮರಿ ಅಲ್ಲೇ ನಿಂತಳು. ಎತ್ತಿದ ಕೈಗಳನ್ನು ಇಳಿಸಲೂ ಮರೆತಿದ್ದಳು. ಆಮೇಲೆ ಏನೂ ಆಗಿಲ್ಲವೆನ್ನುವಂತೆ ಹೋಗಿ ಇಟ್ಟಿಗೆ ಸರಿಸಿ, ಡಬ್ಬಿ ತೆಗೆದು, ಚೀಟಿ ನನ್ನ ಕೈಗೆ ಕೊಟ್ಟಳು.

ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತೆವು.

“ಗಂಟು, ಚೀಟಿ ಅಂತೆಲ್ಲ ನನಗೆ ಕಥೆ ಹೇಳಿದೆಯಲ್ಲ. ಅವು ಅಪ್ಪನಿಗೆ ಇಟ್ಟದ್ದಾ?”

ಹೌದೆಂದು ತಲೆಯಾಡಿಸಿದಳು.

“ಅಪ್ಪ ಬಂದ್ರೆ ಹೊಡೀತೀರಾ ಅಜ್ಜಿ?”

“ಹೊಡೀತೀನಿ.”

“ಜೋರಾಗಾ?”

“ಕೈಗೆ ಸಿಕ್ಕಿದ್ರಲ್ಲಿ.”

“ಹೊಡೆದಾದ ಮೇಲೆ ನನ್ನ ಜೊತೆ ಮಾತಾಡೋಕೆ ಬಿಡ್ತೀರಾ?”

ಮೂಗು ಒರೆಸು ಎಂದೆ, ಅಷ್ಟೇ. ಅವಳ ಮೂಗೇನೂ ಸುರಿಯುತ್ತಿರಲಿಲ್ಲ.

ದಾರಿಯಲ್ಲಿ ಅವಳೇ ಸ್ವಲ್ಪ ಸ್ವಲ್ಪ ಹೇಳಿದಳು. ನೀನು ಬಿಟ್ಟುಹೋದ ಮೊದಲ ವಾರದಿಂದಲೇ ಶುರುಮಾಡಿದ್ದಂತೆ. ಅಪ್ಪ ಹುಡುಕುತ್ತೇನೆ ಎಂದಿದ್ದರಲ್ಲ, ಅವರಿಗೆ ಸುಲಭವಾಗಲಿ ಅಂತ. ಅಮ್ಮನಿಗೆ ಹೇಳಿದರೆ ಅಮ್ಮ ಅಳುತ್ತಾರೆ, ಅಜ್ಜಿಗೆ ಹೇಳಿದರೆ ಅಜ್ಜಿ ಕೂಗುತ್ತಾರೆ, ಅದಕ್ಕೇ ಯಾರಿಗೂ ಹೇಳಲಿಲ್ಲ. ಎಷ್ಟು ಸರಿಯಾಗಿ ನಮ್ಮಿಬ್ಬರನ್ನೂ ತೂಗಿದ್ದಾಳೆ ನೋಡು. ಮತ್ತೆ ಅಪ್ಪನ ಜೊತೆ ಹೋಗಿಬಿಡುತ್ತಿದ್ದೆಯಾ ಎಂದು ಕೇಳಿದೆ. “ಇಲ್ಲಜ್ಜಿ, ಸಂಜೆ ನೀವು ಬರೋ ಹೊತ್ತಿಗೆ ವಾಪಸ್ ಬರ್ತಿದ್ದೆ” ಎಂದಳು. ಅವನು ಬಂದು, ಮಾತಾಡಿಸಿ, ಸಂಜೆಗೆ ವಾಪಸು ಬಿಟ್ಟು ಹೋಗುವನು ಎಂದು ನಂಬಿದ್ದಾಳೆ. ನನಗೆ ಆ ನಂಬಿಕೆಯಿಲ್ಲ, ನಿನಗೂ ಇಲ್ಲ.

ಹಾಗಾಗಿ ಮಾಡಬೇಕಾದ್ದನ್ನು ಮಾಡಿದ್ದೇನೆ. ಸ್ಕೂಲಿನ ಹೆಡ್‌ಮಿಸ್ಸನ್ನು ಕಂಡು, ನನ್ನನ್ನು ಬಿಟ್ಟು ಬ್ರಹ್ಮ ಬಂದರೂ ಮಗುವನ್ನು ಕಳಿಸಬೇಡಿ ಎಂದು ಬರೆಸಿ ಬಂದೆ. ಎದುರಿನ ಬೀಗ ರಿಪೇರಿಯವನು ಹಿಂಬಾಗಿಲಿಗೆ ಇನ್ನೊಂದು ಚಿಲಕ ಹಾಕಿದ. ಗಂಟು ಕೊಡಲು ಹೋಗುವಾಗ ಅವಳು ನನ್ನ ಜೊತೆಗೇ ಬರುತ್ತಾಳೆ, ಲೇಸು ಬಿಚ್ಚಿಕೊಂಡರೆ ನಾನೇ ಬಗ್ಗಿ ಕಟ್ಟುತ್ತೇನೆ. ಫೋನಿಗೆ ಗುಟ್ಟಿನ ನಂಬರು ಹಾಕಿಸಿದ್ದೇನೆ. ಅದನ್ನು ನಾನೇ ಎರಡು ಸಲ ಮರೆತೆ, ಆ ಮಾತು ಬಿಡು.

ನೀನು ಫೋನಿನಲ್ಲಿ ಅವಳಿಗೆ ಏನೂ ಕೇಳಬೇಡ, ಬೈಯಬೇಡ. ಪರೀಕ್ಷೆ ಮುಗಿದ ಮರುದಿನ ಬಾ, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡು. ನನಗೆ ಆ ಕೆಲಸ ಬರುವುದಿಲ್ಲ. ಕಲೆ ತೆಗೆ ಅಂದರೆ ತೆಗೆಯುತ್ತೇನೆ, ಮಡಿಕೆ ಕೂರಿಸು ಅಂದರೆ ಕೂರಿಸುತ್ತೇನೆ.

ಧೈರ್ಯವಾಗಿರು. ಗಂಡಾಂತರ ಬಾಗಿಲ ತನಕ ಬಂದು ವಾಪಸು ಹೋಯಿತು ಎಂದುಕೋ. ನಿನ್ನ ಕೈಗೆ ಒಳ್ಳೆಯ ಕೆಲಸ ಸಿಗಲಿ, ಕಾಲಿಗೆ ಯಾರ ಹೆದರಿಕೆಯೂ ಇಲ್ಲದ ಒಂದು ಮನೆ ಸಿಗಲಿ. ಹೊಟ್ಟೆ ತುಂಬ ಊಟ ಮಾಡಿ ಪರೀಕ್ಷೆಗೆ ಹೋಗು. ನಾನಿರುವ ತನಕ ಇವಳ ಕೂದಲು ಕೊಂಕಲು ಬಿಡುವುದಿಲ್ಲ.

ನಿನ್ನ ದೊಡ್ಡಮ್ಮ

ಮರೆತ ಮಾತು: ಮರೆತದ್ದಲ್ಲ, ಆಗ ಗೊತ್ತಿರಲಿಲ್ಲ. ಇದನ್ನು ಗುರುವಾರ ಬೆಳಿಗ್ಗೆ, ಅವಳು ಸ್ಕೂಲಿಗೆ ಹೋದ ಮೇಲೆ ಬರೆಯುತ್ತಿದ್ದೇನೆ.

ಚೀಟಿಗಳನ್ನು ನೀನೂ ನೋಡಲಿ ಎಂದು ಈ ಕಾಗದದ ಜೊತೆ ಲಕೋಟೆಗೆ ಹಾಕಲು ನಿನ್ನೆ ಸಂಜೆ ತೆಗೆದೆ. ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದೆ. ಸೇತುವೆಯದರಲ್ಲಿ ಅಚ್ಚಾದ ಅಂಗಡಿ ವಿಳಾಸದ ಕೆಳಗೆ ಅವಳ ಹೆಸರು ಮಾತ್ರ. ಪಾರ್ಕಿನದರಲ್ಲಿ ಹೆಸರು, ಸ್ಕೂಲು, ಬಿಡುವ ಹೊತ್ತು. ಡಿಪೋದ್ದರಲ್ಲಿ ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಬರೆದು ನಕ್ಷೆ ಬಿಡಿಸಿದ್ದಾಳೆ, ತಿರುವಿನ ನಾಯಿಯನ್ನೂ ಬರೆದು ಪಕ್ಕದಲ್ಲಿ “ಕಚ್ಚೋಲ್ಲ” ಎಂದು ಹಾಕಿದ್ದಾಳೆ.

ಆಮೇಲೆ ತಿರುಗಿಸಿದೆ. ಹಿಂಬದಿಯಲ್ಲಿ ಮುದ್ರೆ. ಗೂಬೆಯ ಚಿತ್ರದ ಸಣ್ಣ ಮುದ್ರೆ, ಕೆಳಗೆ ಪೆನ್ನಿನಲ್ಲಿ ತಾರೀಕು, ಒಂದೇ ಒಂದು ಮಾತು: “ಸಿಕ್ಕಿತು.” ಸೇತುವೆಯದಕ್ಕೆ ಫೆಬ್ರವರಿಯ ತಾರೀಕು, ಪಾರ್ಕಿನದಕ್ಕೆ ಮಾರ್ಚಿನದು, ಡಿಪೋದ್ದಕ್ಕೆ ಏಪ್ರಿಲಿನದು. ಮೇಷ್ಟ್ರು ತಂದುಕೊಟ್ಟದ್ದನ್ನೂ ಹುಡುಕಿ ತಿರುಗಿಸಿದೆ. ಅದರಲ್ಲೂ ಗೂಬೆ, ಹೋದ ತಿಂಗಳಿನದು. ಒಬ್ಬಳೇ ಇರ್ತೀನಿ, ಬನ್ನಿ ಎಂದು ಮಗು ಬರೆದದ್ದನ್ನು ಓದಿ, ಅದರ ಬೆನ್ನಿಗೆ ಮುದ್ರೆ ಒತ್ತಿ, ಡಬ್ಬಿ ಮುಚ್ಚಿ ಹೋಗಿದ್ದಾನೆ.

ಇಲಿಮರಿ ಯಾವಾಗ ಬಂದು ಹಿಂದೆ ನಿಂತಳೋ. “ಇದ್ರ ಮೇಲೂ ಬಿದ್ದಿದೆಯಾ?” ಎಂದಳು. ಬಚ್ಚಿಡುವಷ್ಟರಲ್ಲಿ ನೋಡಿಬಿಟ್ಟಿದ್ದಳು. “ಅದು ಅಪ್ಪನ ಮುದ್ರೆ ಅಜ್ಜಿ. ಆಟದಲ್ಲಿ ಅಪ್ಪನ ಹೆಸರು ಗೂಬೆ.” ಮೊದಲ ಮೂರರ ಮೇಲೆ ಬಿದ್ದದ್ದು ಅವಳಿಗೆ ಆಗಲೇ ಗೊತ್ತಿತ್ತಂತೆ. ಹೋಗಿ ಹೋಗಿ ತೆರೆದು ನೋಡುತ್ತಿದ್ದಳಂತೆ. ಒಂದರ ಮೇಲೆ ಮುದ್ರೆ ಬಿದ್ದು, ಅಪ್ಪ ಬಾರದೆ ಹೋದರೆ, ಇನ್ನೊಂದು ಚೀಟಿ ಬರೆದು ಮುಂದಿನ ಡಬ್ಬಿಯಲ್ಲಿ ಇಡುತ್ತಿದ್ದಳಂತೆ.

“ಅಪ್ಪಂಗೆ ನನ್ನ ಅಕ್ಷರ ಅರ್ಥ ಆಗೋಲ್ಲ ಅನ್ಸುತ್ತೆ. ಅದಕ್ಕೇ ಒಂದೊಂದ್ಸಲಾನೂ ದೊಡ್ಡದಾಗಿ ಬರೆದೆ.”

ಕೂಸೇ, ಆ ಅಕ್ಷರ ನನ್ನಂಥವಳು ಕನ್ನಡಕವಿಲ್ಲದೆಯೂ ಓದಬಹುದು.

ನಾನು ಅವನಿಗೆ ಹೆದರಿ ಊರೆಲ್ಲ ಓಡಿದೆ. ಚಿಲಕ ಹಾಕಿಸಿದೆ, ಛತ್ರಿ ಎತ್ತಿದೆ. ಅವನು ನಾಲ್ಕು ತಿಂಗಳಿಂದ ಬರುತ್ತಲೇ ಇದ್ದಾನೆ, ಡಬ್ಬಿಯ ತನಕ. ಇನ್ನು ನಿನ್ನ ಮಗಳನ್ನು ಯಾರೂ ಕದ್ದುಕೊಂಡು ಹೋಗುವುದಿಲ್ಲ. ಈ ಮಾತು ನಿನಗೆ ಸಂತೋಷದ್ದು ಎಂದೇ ಬರೆಯಲು ಕೂತೆ. ಬರೆದ ಮೇಲೆ ಹಾಗೆ ಕಾಣುತ್ತಿಲ್ಲ.

ಮಲಗುವಾಗ ಖಾಲಿ ಚೀಟಿಯ ಕಟ್ಟು ತಂದು ನನ್ನ ಮಡಿಲಲ್ಲಿ ಇಟ್ಟಳು. “ಇನ್ನೊಂದೇ ಒಂದು, ಅಜ್ಜಿ. ಈ ಸಲ ನೀವು ಬರೆದುಕೊಡಿ. ದೊಡ್ಡವರು ಬರೆದ್ರೆ ಅಪ್ಪಂಗೆ ತಿಳಿಯುತ್ತೆ.”

ನಾಳೆ ಬರೆದುಕೊಡ್ತೀನಿ ಮಲಗು ಎಂದೆ. ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ನೆನಪಿಸಿ ಹೋಗಿದ್ದಾಳೆ. ಸಂಜೆ ಬಂದ ಕೂಡಲೇ ಕೈ ಚಾಚುತ್ತಾಳೆ. ಏನು ಬರೆಯಲಿ, ಬೇಗ ಹೇಳು.